ಬಳೆ ಹೆಚ್ಚಾಯಿತು

ಸಿಂಗಸಂದ್ರದ ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮದುವೆಯ ಒಡವೆಗಳನ್ನು ಬಾಡಿಗೆಗೆ ಕೊಡುತ್ತಾರೆ. ತಂಗಿಯ ಮದುವೆಗೆಂದು ನಾವು ಅಲ್ಲಿಗೆ ಹೋದದ್ದು ಮಧ್ಯಾಹ್ನ ಎಂದು ನನ್ನ ನೆನಪು. ಅಮ್ಮ ಸಂಜೆ ಅನ್ನುತ್ತಾಳೆ. ನಿಜವಾದ ಚಿನ್ನವೆಂದರೆ ತಾಳಿ, ಒಂದು ಜೊತೆ ಓಲೆ, ಅಷ್ಟೇ. ಹಾರ, ವಂಕಿ, ಡಾಬು, ಜಡೆಬಿಲ್ಲೆ ಎಲ್ಲವೂ ಒನ್ ಗ್ರಾಂ ಗೋಲ್ಡಿನವು, ಬಾಡಿಗೆಯವು. ಹುಡುಗನ ಮನೆಯವರಿಗೂ ಇದು ಗೊತ್ತಿತ್ತು. ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಅಂಗಡಿಯಾಕೆ ಮಾತುಗಾತಿ. "ಮೂರು ದಿನ ಮಹಾರಾಣಿ ಕಣಮ್ಮ, ಆಮೇಲೆ ಕಿರೀಟ ತಂದು ನನ್ ಕೈಗೆ ಕೊಡ್ಬೇಕು," ಎನ್ನುತ್ತ ಪ್ರತಿ ಒಡವೆಯನ್ನೂ ತಿರುಗಿಸಿ ತಿರುಗಿಸಿ ಫೋನಿನಲ್ಲಿ ಫೋಟೊ ತೆಗೆದಳು. ವಾಪಸ್ ಬಂದಾಗ ಎಲ್ಲಿ ಕಲ್ಲು ಉದುರಿದೆ, ಎಲ್ಲಿ ತರಚಿದೆ ಎಂದು ಹೋಲಿಸಿ ನೋಡಲಿಕ್ಕೆ. ಗಾಜಿನ ಬಳೆಗೆ ಮಾತ್ರ ಫೋಟೊ ಇಲ್ಲ. "ಅದು ಬಾಡಿಗೆಗಲ್ಲ. ತಗೊಂಡ್ ಮೇಲೆ ನಿಮ್ದೇ. ವಾಪಸ್ ಇಲ್ಲ."

ಅಷ್ಟರಲ್ಲಿ ಹುಡುಗ ಬಂದ. ಅತ್ತಿಬೆಲೆ ಕಡೆಯವನು, ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು ನಿಂತಿದೆ. ಸಭ್ಯ. ನಮಗೆಲ್ಲ ಕಬ್ಬಿನ ಹಾಲು ತಂದಿದ್ದ. ಅಂಗಡಿಯಾಕೆ ಬಳೆಯ ಅಳತೆಗೆಂದು ತಂಗಿಯ ಕೈ ಮಡಚಿ, ಒತ್ತಿ ನೋಡಿ, "ಟೂ ಸಿಕ್ಸ್ ಸರಿಹೋಯ್ತದೆ," ಎಂದಳು.

"ಟೂ ಫೋರ್ ಹಾಕಿ," ಎಂದ ಅವನು.

"ಬಿಗಿ ಆಯ್ತದೆ ಸಾರ್. ಆಮೇಲೆ ಬಿಚ್ಚಕ್ಕಾಗಲ್ಲ."

"ಬಿಚ್ಚೋದ್ಯಾಕೆ?"

"ನೋಡಮ್ಮ, ಈಗ್ಲೇ ಬೇಡಿ ಹಾಕ್ತಾವ್ರೆ ನಿಮ್ಮೆಜಮಾನ್ರು!"

ಎಲ್ಲರೂ ನಕ್ಕೆವು. ನಾನೂ.

ಕೈಗೆ ಸೋಪಿನ ನೀರು ಸವರಿ ಆಕೆ ಒಂದೊಂದೇ ಏರಿಸಿದಳು. ಹೆಬ್ಬೆರಳಿನ ಬುಡದಲ್ಲಿ ಒಂದು ಸಿಕ್ಕಿಕೊಂಡಿತು. "ಬಿಡಿ, ನಾನ್ ಹಾಕ್ತೀನಿ," ಎಂದು ಅವನು ಒತ್ತಿದ. ಚಟ್ ಎಂದಿತು.

"ಅಯ್ಯೋ, ಒಡೀತು," ಎಂದೆ.

"ಅಂಗನ್ಬಾರ್ದು ಕಣಕ್ಕ!" ಅಂಗಡಿಯಾಕೆ ನನ್ನ ಬಾಯಿ ಮುಚ್ಚುವವಳಂತೆ ಕೈ ಎತ್ತಿದಳು. "ಬಳೆ ಎಚ್ಚಾಯ್ತು ಅನ್ನಿ."

ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಮನೆಯ ಅಕ್ಕಿ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಬಂದೀತು. "ಹೆಚ್ಚಾಯ್ತು, ಹೆಚ್ಚಾಯ್ತು," ಎಂದಳು ಅಮ್ಮ, ಅವಸರದಲ್ಲಿ. ತಂಗಿಯೂ ಅಂದಳು, ಮಣಿಕಟ್ಟಿಗೆ ದುಪಟ್ಟಾ ಒತ್ತಿಕೊಂಡು.

ಇಲ್ಲಿ ನನಗೆ ನನ್ನ ಮೇಲೇ ಅನುಮಾನ. ಬಳೆ ಒತ್ತಿದ್ದು ಅಂಗಡಿಯಾಕೆಯೇ, ಅವನು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಎನ್ನುತ್ತಾಳೆ ಅಮ್ಮ. ಇರಬಹುದು. ಆಮೇಲೆ ತಿಳಿದದ್ದನ್ನು ಹಿಂದಕ್ಕೊಯ್ದು ಆ ದಿನಕ್ಕೆ ಬಳಿಯುತ್ತಿದ್ದೇನೋ ಏನೋ. ಆದರೆ ಅವನು ಚೂರುಗಳನ್ನು ಷೂ ತುದಿಯಿಂದ ಒಂದು ಮೂಲೆಗೆ ಸರಿಸುತ್ತ, "ಟೂ ಫೋರೇ ಇರ್ಲಿ," ಎಂದದ್ದನ್ನು ಅಮ್ಮನೂ ಅಲ್ಲಗಳೆಯುವುದಿಲ್ಲ.

ಮದುವೆ ಆಯಿತು. ಒಡವೆಗಳು ವಾಪಸಾದವು. ಅಂಗಡಿಯಾಕೆ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ಹೋಲಿಸಿ, "ಒಂದು ಕಲ್ಲೂ ಹೋಗಿಲ್ಲ, ಚೆನ್ನಾಗ್ ನೋಡ್ಕೊಂಡವ್ರೆ," ಎಂದಳು.

ಬರಬರುತ್ತ ತಂಗಿ ಫೋನಿನಲ್ಲಿ ಮಾತು ಕಡಿಮೆ ಮಾಡಿದಳು. ಒಮ್ಮೆ ಮಾತಿನ ನಡುವೆ, "ಬಳೆ ಹೆಚ್ಚಾಯ್ತಕ್ಕ, ಬೇರೆ ಹಾಕ್ಕೊಂಡೆ," ಎಂದಳು. ಇನ್ನೊಮ್ಮೆಯೂ ಅದನ್ನೇ ಅಂದಳು. ಗಾಜಲ್ಲವೇ, ಒಡೆಯುತ್ತದೆ ಅಂದುಕೊಂಡೆ. ಅಥವಾ ಹಾಗೆ ಅಂದುಕೊಂಡಿದ್ದೆ ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮತ್ತೆ ಫೋನು.

"ಅಕ್ಕ, ಬಳೆ ಹೆಚ್ಚಾಯ್ತು."

"ಯಾವ ಕೈದು?"

"ಎರಡೂ."

ಅಜ್ಜಿ ಬೇಡವೆಂದಿದ್ದ ಪದವನ್ನೇ ಹಿಡಿದೆ. "ಒಡೀತೋ, ಒಡೆದ್ನೋ?"

ಅವಳ ಹಿಂದಿನಿಂದ ಅವನ ದನಿ: "ಯಾರ್ದು ಫೋನು?"

"ಅಕ್ಕಂದು. ಬಳೆ ಸೈಜ್ ಕೇಳ್ತಿದ್ದಾಳೆ," ಎಂದಳು. ಆಮೇಲೆ ನನಗೆ, ಅಂಗಡಿಯವರಿಗೆ ಹೇಳುವಷ್ಟು ನಿಧಾನವಾಗಿ: "ಟೂ ಫೋರ್ ಅಕ್ಕ. ಬಿಚ್ಚಕ್ಕಾಗ್ತಿಲ್ಲ. ನೀನೇ ಬಾ."

ಅತ್ತಿಬೆಲೆ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ನೆನಪು ಇದನ್ನೂ ತಿದ್ದುವ ಮೊದಲು. ಅಮ್ಮನಿಗೆ ಹೇಳಿಲ್ಲ. ಫೋನಿನಲ್ಲಿ ಚಾರ್ಜ್ ಇದೆ. ಹೋದ ಕೂಡಲೇ ಅವಳ ಎರಡೂ ಕೈಗಳ ಫೋಟೊ ತೆಗೆಯಬೇಕು, ತಿರುಗಿಸಿ ತಿರುಗಿಸಿ.