ಒಬ್ಬಟ್ಟಿನ ಇಂದಿರಮ್ಮ ಮತ್ತು ಹರ್ಷಿಣಿಯ ಚಾನೆಲ್

ಹರ್ಷಿಣಿಗೆ ಒಂದು ಕಡೆ ಕೂರಲು ಬರುವುದಿಲ್ಲ ಎಂದು ಅವಳ ಅತ್ತೆ ರತ್ನಪ್ರಭಾ ಮೊದಲಿನಿಂದಲೂ ಹೇಳುತ್ತಿದ್ದರು. ಮದುವೆಯಾಗಿ ದಾವಣಗೆರೆಯಿಂದ ನೋಯ್ಡಾಕ್ಕೆ ಬಂದ ಹೊಸದರಲ್ಲಿ ಅದು ಮೆಚ್ಚುಗೆಯ ಮಾತಾಗಿತ್ತು. ಗಂಡ ವಿಕ್ರಮ್ ತನ್ನ ಕಂಪನಿಗೆ ಹೊರಟ ಹಿಂದೆಯೇ ಅವಳೂ ಓಖ್ಲಾದ ಒಂದು ಆಫೀಸಿಗೆ ಹೊರಡುತ್ತಿದ್ದಳು. ಹಿಂದಿಯ ಕ್ರೈಂ ಕಾರ್ಯಕ್ರಮಗಳಿಗೆ ಕನ್ನಡದಲ್ಲಿ ಮಾತು ಬರೆದುಕೊಡುವ ಕೆಲಸ. ಆಮೇಲೆ ಆ ಆಫೀಸಿನವರು ಕನ್ನಡದ ವಿಭಾಗವನ್ನೇ ಮುಚ್ಚಿದರು. ಹರ್ಷಿಣಿ ಮನೆಯಲ್ಲಿ ಕೂತಳು. ಕೂತಳು ಎಂದರೆ, ಬಾಲ್ಕನಿಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ಬಾಲ್ಕನಿಗೂ ಓಡಾಡಿಕೊಂಡಿದ್ದಳು.

ಹಾಗೆ ಓಡಾಡುತ್ತಿದ್ದವಳೇ ಒಂದು ಮಧ್ಯಾಹ್ನ ಫೋನು ಹಿಡಿದು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿದಳು. ರಸ್ತೆಯ ಹಾರ್ನುಗಳ ಸದ್ದು ಕೇಳದ ಜಾಗ ಆ ಮನೆಯಲ್ಲಿ ಅದೊಂದೇ. ರಜಾಯಿಗಳ ನಡುವೆ ಮುಖವಿಟ್ಟು, ತಮ್ಮ ಬೀದಿಯ ಕೊನೆಯಲ್ಲಿ ಕಟ್ಟಡದ ಕೆಲಸಕ್ಕೆಂದು ರಾಯಚೂರಿನಿಂದ ಬಂದು ಸಾರವೆಯಿಂದ ಬಿದ್ದು ಸತ್ತ ಒಬ್ಬನ ಕಥೆ ಹೇಳಿದಳು. ಕಿರುಚಲಿಲ್ಲ, ಹೆದರಿಸುವ ಸಂಗೀತ ಹಾಕಲಿಲ್ಲ. ಅವನು ಬೆಳಿಗ್ಗೆ ಏನು ತಿಂದು ಹೋಗಿದ್ದ, ಹೆಂಡತಿಗೆ ಯಾವ ವಿಷಯಕ್ಕೆ ಗದರಿದ್ದ, ಚಪ್ಪಲಿ ಎಲ್ಲಿ ಬಿಟ್ಟಿದ್ದ, ಇಷ್ಟನ್ನೇ ಮೆಲ್ಲಗೆ ಹೇಳಿದಳು. ಅದನ್ನು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿದಳು. ಚಾನೆಲ್‌ಗೆ ‘ಒಂದು ದಿನ ಹೀಗಾಯ್ತು’ ಎಂದು ಹೆಸರಿಟ್ಟಳು.

ಜನ ಕೇಳಿದರು. ಮೊದಲು ನೆಂಟರು, ಆಮೇಲೆ ನೆಂಟರ ನೆಂಟರು, ಆಮೇಲೆ ಯಾರೋ ಗೊತ್ತಿಲ್ಲದವರು. ಯಾವುದೋ ಊರಿನ ಹೆಂಗಸೊಬ್ಬಳು ‘ಅಕ್ಕಾ, ನಿಮ್ಮ ದನಿ ಕೇಳಿ ಅತ್ತುಬಿಟ್ಟೆ’ ಎಂದು ಬರೆದಾಗ ಹರ್ಷಿಣಿ ಅದನ್ನು ವಿಕ್ರಮ್‌ಗೆ ಮೂರು ಸಲ ಓದಿ ಹೇಳಿದಳು. ವಾರಕ್ಕೊಂದು ಕಥೆ ಬೇಕಾಯಿತು. ಬೆಳಗಾದರೆ ಪತ್ರಿಕೆಗಳಲ್ಲಿ ಸಾವು ಹುಡುಕುವುದು, ಫೋನು ಮಾಡಿ ವಿವರ ಕೇಳುವುದು, ಬೀರುವಿನೊಳಗೆ ನಿಂತು ಹೇಳುವುದು.

ಆದರೆ ಹೇಳಿದ ಕಥೆಗಳು ಹೊರಗೆ ಹೋಗಿ ಸುಮ್ಮನಿರಲಿಲ್ಲ, ಅವಳ ಮೈಗೇ ಅಂಟಿಕೊಂಡವು. ಲಿಫ್ಟಿನ ಕಥೆ ಹೇಳಿದ ಮೇಲೆ ಲಿಫ್ಟು ಹತ್ತುವುದನ್ನು ಬಿಟ್ಟಳು. ಗೀಸರಿನ ಕಥೆಯ ನಂತರ ಬಚ್ಚಲಿನ ಬಾಗಿಲು ಅರ್ಧ ತೆರೆದಿಟ್ಟೇ ಸ್ನಾನ. ವಿಕ್ರಮ್ ಮೆಟ್ರೋ ಇಳಿದು ಮನೆ ಸೇರುವುದು ಸ್ವಲ್ಪ ತಡವಾದರೂ ಸಾಕು, ಫೋನಿನ ಮೇಲೆ ಫೋನು.

“ನಿನ್ನ ಕಥೆಗಳಿಗೆ ನೀನೇ ದೊಡ್ಡ ಫ್ಯಾನ್ ಕಣೆ,” ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಅಷ್ಟರಲ್ಲಿ ಬಸುರಿಯಾದಳು.

ಆ ಯುಗಾದಿಗೆ ರತ್ನಪ್ರಭಾ ಒಬ್ಬಟ್ಟು ಮಾಡಲು ಇಂದಿರಮ್ಮನನ್ನು ಮನೆಗೇ ಕರೆಸಿದರು. ದೆಹಲಿ, ನೋಯ್ಡಾದ ಕನ್ನಡದವರ ಮನೆಗಳಲ್ಲಿ ಮುಂಜಿ, ಸೀಮಂತ, ಗೃಹಪ್ರವೇಶ ಏನೇ ಇರಲಿ, ಮೊದಲು ಫೋನು ಹೋಗುತ್ತಿದ್ದದ್ದು ಮಯೂರ ವಿಹಾರದ ‘ಒಬ್ಬಟ್ಟಿನ ಇಂದಿರಮ್ಮ’ನಿಗೆ. ತಿಪಟೂರಿನ ಕಡೆಯವರು. ಗಂಡ ದೇವೇಂದ್ರಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಇಂದಿರಮ್ಮನದು ದೊಡ್ಡ ಬಾಯಿ, ದೊಡ್ಡ ನಗು. ತರಕಾರಿಯವನ ಮುಂದೆ ನಿಂತು “ಭಯ್ಯಾ, ಯೇ ನಾರಿಯಲ್ ಹೈ ಕ್ಯಾ, ಗೋಲಿ ಹೈ ಕ್ಯಾ?” ಎಂದು ತೆಂಗಿನಕಾಯಿಯ ಗಾತ್ರಕ್ಕೆ ತಿಪಟೂರಿನ ರಾಗದಲ್ಲಿ ಜಗಳ ತೆಗೆದರೆ ಸುತ್ತಲಿದ್ದವರೆಲ್ಲ ನಗಬೇಕು.

ಹರ್ಷಿಣಿ ಕಣಕದ ಉಂಡೆ ಮಾಡಿಕೊಡುತ್ತ ಪಕ್ಕದಲ್ಲೇ ನಿಂತಿದ್ದಳು. ಮಾತು ಚಾನೆಲ್ ಕಡೆಗೆ ತಿರುಗಿತು.

“ನನಗೂ ಒಂದು ದಿನ ಹೀಗಾಯ್ತು ಕಣಮ್ಮ,” ಎಂದರು ಇಂದಿರಮ್ಮ, ಕಾವಲಿಯ ಮೇಲಿನ ಒಬ್ಬಟ್ಟನ್ನು ಮಗುಚುತ್ತ. “ಇವರಿಗಿಂತ ಮೊದಲು ನನಗೆ ಇನ್ನೊಂದು ಮದುವೆ ಆಗಿತ್ತು.”

ಮದುವೆ ಮುಗಿಸಿಕೊಂಡು ಸಂಜೆ ಗಂಡಿನ ಊರಿಗೆ ಹೊರಟ ವ್ಯಾನು. ಚುಚ್ಚುತ್ತದೆ ಎಂದು ಹುಡುಗ ಬಾಸಿಂಗ ಬಿಚ್ಚಿ ಇಂದಿರಮ್ಮನ ಮಡಿಲಲ್ಲಿಟ್ಟಿದ್ದ. ಎದುರಿನಿಂದ ಲಾರಿ ಬಂತು. ಹುಡುಗ ಅಲ್ಲೇ ಹೋದ. ಇವರಿಗೆ ಮಣಿಕಟ್ಟು ಮುರಿಯಿತು, ಅಷ್ಟೆ.

“ಅವನ ಮುಖ ಈಗ ಸರಿಯಾಗಿ ನೆನಪಿಲ್ಲ,” ಎಂದರು ಇಂದಿರಮ್ಮ. “ನೋಡಿದ್ದೇ ಅರ್ಧ ದಿನ. ಅದರಲ್ಲೂ ತಲೆ ಬಗ್ಗಿಸಿಕೊಂಡೇ ಇದ್ದೆ. ತುಪ್ಪ ಇತ್ತ ಸರಿಸು.”

ಹರ್ಷಿಣಿ ಹಿಟ್ಟಿನ ಕೈ ಒರೆಸಿಕೊಂಡು ಇನ್ನೂ ಹತ್ತಿರ ಸರಿದಳು. ಅದು ಮರುಕವೋ ಆಸೆಯೋ ಅವಳಿಗೇ ತಿಳಿಯಲಿಲ್ಲ. “ಆಂಟಿ, ಇದನ್ನ ನಾನು ಚಾನೆಲ್‌ನಲ್ಲಿ ಹೇಳಲಾ?”

“ಹೆಸರು ಹೇಳಬೇಡ. ನಮ್ಮನೆಯವರಿಗೆ ಇಷ್ಟ ಆಗಲ್ಲ. ಅದೊಂದು ಬಿಟ್ಟು ಏನಾದರೂ ಮಾಡಿಕೋ.”

ಹರ್ಷಿಣಿ ಹೆಸರು ಹೇಳಲಿಲ್ಲ. ಊರನ್ನೂ ಹೇಳಲಿಲ್ಲ. ಸುಳ್ಳಿನ ಒಂದು ಎಳೆಯನ್ನೂ ಸೇರಿಸಲಿಲ್ಲ. ಬಾಸಿಂಗದ ಮಾತು ಬಂದಾಗ ಬೀರುವಿನೊಳಗೆ ಅವಳ ದನಿ ನಿಜವಾಗಿಯೂ ಒಡೆಯಿತು. ಕೊನೆಗೆ ಒಂದು ವಾಕ್ಯ ಸೇರಿಸಿದಳು: ‘ಅರ್ಧ ದಿನದ ಆ ಮದುಮಗಳು ಇವತ್ತು ಊರಿನಿಂದ ಬಹು ದೂರದ ರಾಜಧಾನಿಯಲ್ಲಿ ಬೇರೆಯವರ ಮದುವೆಗಳಿಗೆ ಒಬ್ಬಟ್ಟು ತಟ್ಟುತ್ತಾಳೆ.’ ತಾನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ವಾಕ್ಯ ಎನಿಸಿತು.

ಆ ವಿಡಿಯೊ ಹಬ್ಬಿದ ರೀತಿಗೆ ಅವಳೇ ಬೆರಗಾದಳು. ಹುಬ್ಬಳ್ಳಿಯಿಂದ ಹಿಡಿದು ದುಬೈವರೆಗೆ ನೋಡಿದರು. ಬೆಂಗಳೂರಿನ ಕಂಪನಿಯೊಂದು ಜಾಹೀರಾತು ಕೊಡಲು ಮುಂದೆ ಬಂತು. ಹರ್ಷಿಣಿ ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ನೋಡುಗರ ಸಂಖ್ಯೆ ಏರುವುದನ್ನೇ ನೋಡುತ್ತ ತುತ್ತು ಮರೆಯುತ್ತಿದ್ದಳು. ಬೇಕೆಂದದ್ದು ಸಿಕ್ಕಿತ್ತು. ಆದರೂ ಸಮಾಧಾನವೆಂಬುದಿಲ್ಲ, ಇದಾದ ಮೇಲೆ ಇದಕ್ಕಿಂತ ದೊಡ್ಡದು ಏನು ಹೇಳುವುದು ಎಂಬ ತಳಮಳ.

ಅಷ್ಟರಲ್ಲಿ ಸೀಮಂತದ ದಿನ ಗೊತ್ತಾಯಿತು. ಒಂದು ಬೆಳಿಗ್ಗೆ ರತ್ನಪ್ರಭಾ ಯಾರಿಗೋ ಫೋನಿನಲ್ಲಿ ಮೈಸೂರು ಪಾಕಿಗೆ ಹೇಳುತ್ತಿದ್ದುದು ಹರ್ಷಿಣಿಯ ಕಿವಿಗೆ ಬಿತ್ತು.

“ಯಾಕತ್ತೆ, ಇಂದಿರಮ್ಮನಿಗೆ ಹೇಳಿದ್ದಿರಲ್ಲ?”

“ಈ ಸಲ ಅವರು ಬೇಡ ಬಿಡು.”

“ಯಾಕೆ, ಊರಲ್ಲಿಲ್ವಾ?”

ರತ್ನಪ್ರಭಾ ಸೊಸೆಯ ಮುಖ ನೋಡದೆ ಟೇಬಲ್ಲು ಒರೆಸಿದರು. “ಇದ್ದಾರೆ. ನಾನೇ ಬೇಡ ಅಂದೆ. ಹಾಗೆ ನೋಡಬೇಡ, ನನಗೂ ಬೇಜಾರಿದೆ. ಆ ವಿಡಿಯೊ ನೋಡಿ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ಆದರೆ ಮದುವೆಯ ದಿನವೇ ಗಂಡನ್ನ ಕಳಕೊಂಡ ಕೈ. ಇದು ನಿನ್ನ ಮೊದಲ ಬಸುರು. ಮನಸ್ಸು ಒಪ್ಪಲಿಲ್ಲ.”

“ನಿಮಗೆ ಅವರೇ ಅಂತ ಹೇಗೆ ಗೊತ್ತು?”

“ದಿಲ್ಲೀಲಿ ಒಬ್ಬಟ್ಟು ಮಾಡಿಕೊಡೋರು ಎಷ್ಟು ಜನ ಇದ್ದಾರಮ್ಮ? ಎಲ್ಲರಿಗೂ ಗೊತ್ತಾಗಿದೆ. ಇಲ್ಲಿನ ದ್ವಾರಕಾದವರ ಮುಂಜಿಯ ಆರ್ಡರೂ ಹೋಯ್ತಂತೆ. ನೀನೇ ಹೇಳಿದ್ದಲ್ವಾ?”

ಹರ್ಷಿಣಿ ಆ ಮಧ್ಯಾಹ್ನವೇ ಮೆಟ್ರೋ ಹತ್ತಿದಳು. ಬಸುರಿಯೆಂದು ಯಾರೋ ಎದ್ದು ಸೀಟು ಕೊಟ್ಟರು. ಕೂತಳು, ಒಂದು ಸ್ಟೇಷನ್ ಕಳೆಯುವಷ್ಟರಲ್ಲಿ ಎದ್ದು ಬಾಗಿಲಿನ ಹತ್ತಿರ ಹೋಗಿ ನಿಂತಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು.

ಬಾಗಿಲು ತೆಗೆದವರು ದೇವೇಂದ್ರಪ್ಪ. ಅವಳನ್ನು ನೋಡಿ ಒಳಗಿನ ಕೋಣೆಗೆ ಹೋಗಿ ಟಿವಿಯ ಸದ್ದು ಜಾಸ್ತಿ ಮಾಡಿದರು. ಅಡುಗೆಮನೆಯಲ್ಲಿ ದೊಡ್ಡ ಕಾವಲಿಯನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಆ ಹೊತ್ತಿನಲ್ಲಿ ಯಾವಾಗಲೂ ಬೇಳೆ ಬೇಯುವ ವಾಸನೆಯಿರುತ್ತಿದ್ದ ಮನೆ.

“ಆಂಟಿ, ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ,” ಎಂದಳು ಹರ್ಷಿಣಿ. ಬರೆದುಕೊಂಡದ್ದೆಲ್ಲ ಮರೆತುಹೋಗಿತ್ತು.

“ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳ್ತಿದ್ದೆನಾ? ಕೂತುಕೋ, ಹೊಟ್ಟೆ ಹೊತ್ತುಕೊಂಡು ನಿಲ್ಲಬೇಡ.”

“ಇವತ್ತೇ ವಿಡಿಯೊ ತೆಗೆದುಬಿಡ್ತೀನಿ.”

“ತೆಗಿ. ನೋಡಿದವರ ತಲೆಯಿಂದ ಹೇಗೆ ತೆಗೀತೀಯ?”

“ಹಾಗಾದರೆ ಇನ್ನೊಂದು ಮಾಡೋಣ. ನೀವು ಹೇಗೆ ಬಾಳಿದಿರಿ, ಎಷ್ಟು ಮನೆಗಳಿಗೆ ಅಡುಗೆ ಮಾಡಿದಿರಿ, ಆ ಮನೆಗಳೆಲ್ಲ ಎಷ್ಟು ಚೆನ್ನಾಗಿವೆ...”

ಇಂದಿರಮ್ಮ ಕೈ ಎತ್ತಿ ತಡೆದರು. “ಆ ಸತ್ತ ಹುಡುಗನನ್ನ ಹೇಳದೆ ಇದನ್ನ ಹೇಳೋಕಾಗುತ್ತಾ? ಮತ್ತೆ ಅವನು ಬರಬೇಕು, ಮತ್ತೆ ವ್ಯಾನು, ಮತ್ತೆ ಲಾರಿ. ನೀನು ಒಂದು ಸುಳ್ಳು ಹೇಳಿದ್ದರೂ ನಾನು ಮನೆಮನೆಗೆ ಹೋಗಿ ಇದು ಸುಳ್ಳು ಅಂತ ಹೇಳಿ ಬರ್ತಿದ್ದೆ. ಎಲ್ಲ ನಿಜವೇ ಹೇಳಿದ್ದೀಯ. ಚೆನ್ನಾಗಿಯೂ ಹೇಳಿದ್ದೀಯ, ನಾನೂ ಅತ್ತೆ. ಆದರೆ ಇಷ್ಟು ವರ್ಷ ನಾನು ಈ ಊರಿನಲ್ಲಿ ಅಡುಗೆಯವಳು ಆಗಿದ್ದೆ ಕಣಮ್ಮ. ಈಗ ‘ಅಯ್ಯೋ ಪಾಪ’ ಆಗಿಬಿಟ್ಟೆ.”

“ನನ್ನ ಸೀಮಂತಕ್ಕೆ ನೀವೇ ಒಬ್ಬಟ್ಟು ಮಾಡಬೇಕು,” ಎಂದಳು ಹರ್ಷಿಣಿ. “ಅತ್ತೆ ಹೇಳಿದ್ದನ್ನ ಬಿಡಿ. ನಾನು ಕೇಳ್ತಿದ್ದೀನಿ.”

ಇಂದಿರಮ್ಮ ಎದ್ದು, ಬೆಳಿಗ್ಗೆ ಗಂಡನಿಗೆಂದು ಮಾಡಿದ್ದ ಒಬ್ಬಟ್ಟಿನಲ್ಲಿ ಒಂದನ್ನು ತಟ್ಟೆಗೆ ಹಾಕಿ, ತುಪ್ಪ ಬಿಟ್ಟು ಅವಳ ಮುಂದಿಟ್ಟರು. “ಅದು ಆಮೇಲೆ. ಮೊದಲು ತಿನ್ನು.”

ಹರ್ಷಿಣಿ ಒಂದು ತುಂಡು ಮುರಿದಳು. ಅದು ಬಾಯಿಯ ತನಕ ಹೋಗಲಿಲ್ಲ. ಲಿಫ್ಟು, ಗೀಸರು, ಸಾರವೆ, ತಾನು ಹೇಳಿದ ಕಥೆಗಳೆಲ್ಲ ಒಟ್ಟಿಗೆ ಎದ್ದು ಬಂದಂತಾಯಿತು. ಅವಳಿಗೆ ಅರಿವಿಲ್ಲದೆಯೇ ಎಡಗೈ ಹೊಟ್ಟೆಯನ್ನು ಮುಚ್ಚಿಕೊಂಡಿತು. ತಲೆ ಎತ್ತಿದಾಗ ಇಂದಿರಮ್ಮ ನೋಡುತ್ತಿದ್ದರು.

ಅವರು ಸಿಟ್ಟಾಗಲಿಲ್ಲ. ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಬಿಡು, ತಿನ್ನಬೇಡ. ಹೆದರಿಕೊಂಡು ತಿಂದರೆ ಅರಗಲ್ಲ.” ಅವಳು ಮುರಿದ ತುಂಡನ್ನೇ ತಾವು ಬಾಯಿಗೆ ಹಾಕಿಕೊಂಡು, “ಉಪ್ಪು ಸ್ವಲ್ಪ ಕಮ್ಮಿ ಆಗಿದೆ,” ಎಂದರು.

ಹರ್ಷಿಣಿ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲಿಳಿದು ಬಂದು, ಸ್ಟೇಷನ್ನಿನ ಹೊರಗೆ ಆಟೋಗಳ ಗದ್ದಲದಲ್ಲಿ ನಿಂತು, ವಿಡಿಯೊವನ್ನು ಅಳಿಸಿದಳು. ಮನೆಗೆ ಬಂದು ಹುಡುಕಿದರೆ ಅದೇ ಕಥೆ ಬೇರೆ ಎರಡು ಚಾನೆಲ್‌ಗಳಲ್ಲಿ, ಬೇರೆಯವರ ದನಿಯಲ್ಲಿ, ದೊಡ್ಡ ಸಂಗೀತದೊಂದಿಗೆ ಓಡುತ್ತಿತ್ತು.

ಅತ್ತೆಯ ಮೇಲೆ ರೇಗಬೇಕೆಂದುಕೊಂಡೇ ಬಂದಿದ್ದಳು. ರೇಗಲು ಯಾವ ಮುಖವೂ ಉಳಿದಿರಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ರತ್ನಪ್ರಭಾ ಅವರ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದಳು.

“ನಿನ್ನ ಕೈಯೂ ನಿಂತುಬಿಡ್ತಾ?” ಎಂದು ರತ್ನಪ್ರಭಾ ಮೆಲ್ಲಗೆ ಕೇಳಿದರು.

“ನಿಂತುಬಿಡ್ತು ಅತ್ತೆ. ಅವರ ಎದುರಿಗೇ.”

ರತ್ನಪ್ರಭಾ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ತಾವು ಫೋನಿನಲ್ಲಿ ಬೇಡ ಎಂದಾಗ ಇಂದಿರಮ್ಮನ ಮುಖ ಕಂಡಿರಲಿಲ್ಲ, ಈಗ ಕಂಡಿತೇನೋ. ಫೋನು ತೆಗೆದುಕೊಂಡು ಅವರೇ ಕರೆ ಮಾಡಿದರು. “ಇಂದಿರಮ್ಮ, ನನ್ನಿಂದ ತಪ್ಪಾಯ್ತು. ಅಡುಗೆಗೆ ಕರೀತಿಲ್ಲ. ನೀವು ಬಂದು ನಮ್ಮ ಹುಡುಗಿಗೆ ಬಳೆ ತೊಡಿಸಬೇಕು.”

ಆ ಕಡೆಯ ದನಿ ಹರ್ಷಿಣಿಗೂ ಕೇಳುವಷ್ಟು ದೊಡ್ಡದಾಗಿಯೇ ಬಂತು. “ಬೇಡ ರತ್ನಪ್ರಭಾ. ಬಳೆ ತೊಡಿಸೋಕೆ ಬಂದರೆ ಬಂದವರೆಲ್ಲ ನನ್ನ ಕೈಯನ್ನೇ ನೋಡ್ತಾ ಕೂರ್ತಾರೆ. ಆರ್ಡರ್ ಕೊಡಿ, ಮಾಡಿ ಕಳಿಸ್ತೀನಿ. ನನಗೆ ಬೇಕಾಗಿರೋದು ಅದು.”

ಸೀಮಂತದ ದಿನ ದೇವೇಂದ್ರಪ್ಪ ಸ್ಟೀಲ್ ಡಬ್ಬಿಗಳನ್ನು ಸ್ಕೂಟರಿನಲ್ಲಿ ತಂದು, ಒಳಗೆ ಬರದೆ ಹೋದರು. ಎಲೆಗೆ ಒಬ್ಬಟ್ಟು ಬಿದ್ದೊಡನೆ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರಿಗೂ ಆ ಘಮದ ಗುರುತಿತ್ತು. ಒಬ್ಬರಿಗೆ ಶುಗರ್ ನೆನಪಾಯಿತು, ಇನ್ನೊಬ್ಬರಿಗೆ ಹೊಟ್ಟೆ ತುಂಬಿತ್ತು. “ಯಾರು ಮಾಡಿದ್ದು?” ಎಂದು ಗೊತ್ತಿದ್ದೂ ಒಬ್ಬರು ಕೇಳಿದರು.

“ನಮ್ಮ ಇಂದಿರಮ್ಮ,” ಎಂದರು ರತ್ನಪ್ರಭಾ. “ಬಡಿಸಲಾ ಇನ್ನೊಂದು?”

ಹರ್ಷಿಣಿ ಒಂದನ್ನು ಪೂರ್ತಿ ತಿಂದಳು. ಇನ್ನೊಂದು ಹಾಕಿಸಿಕೊಂಡಳು. ತಿಂದರೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದಳು, ಹೋಗಲಿಲ್ಲ. ಹೆರಿಗೆಯ ದಿನದವರೆಗೂ ಒಳಗೆಲ್ಲೋ ಕೂತೇ ಇತ್ತು. ಪ್ರತಿ ಸ್ಕ್ಯಾನಿಂಗಿಗೆ ಹೋದಾಗಲೂ, ಮಗು ಸ್ವಲ್ಪ ಹೊತ್ತು ಅಲುಗದಿದ್ದಾಗಲೂ ಆ ಎರಡು ಒಬ್ಬಟ್ಟು ನೆನಪಾಗುತ್ತಿದ್ದವು. ಹಾಗೆ ನೆನಪಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಮಗಳು ಹುಟ್ಟಿದಳು, ಚೆನ್ನಾಗಿಯೇ ಹುಟ್ಟಿದಳು. ನರ್ಸ್ ಮಗುವನ್ನು ಕೈಗೆ ಕೊಟ್ಟಾಗ ಹರ್ಷಿಣಿ ಅಳುತ್ತಿದ್ದುದು ಸಂತೋಷಕ್ಕೆ ಎಂದು ವಿಕ್ರಮ್ ತಿಳಿದುಕೊಂಡ. ತಾನು ಅಷ್ಟು ತಿಂಗಳೂ ಒಬ್ಬ ಹೆಂಗಸಿನ ಕೈಯನ್ನು ಅನುಮಾನದಲ್ಲಿ ಇಟ್ಟಿದ್ದೆನಲ್ಲ ಎಂಬ ಸಿಟ್ಟೂ ಅದರಲ್ಲಿತ್ತು.

ಚಾನೆಲ್ ಮುಚ್ಚಬೇಕೆಂದುಕೊಂಡಳು, ಮುಚ್ಚಲಿಲ್ಲ. ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಶುರು ಮಾಡಿದಳು. ಈಗ ಕಥೆ ಹೇಳುವ ಮುಂಚೆ ಅದರಲ್ಲಿ ಬದುಕಿರುವವರನ್ನೆಲ್ಲ ಹುಡುಕಿ ಮಾತಾಡಿಸುತ್ತಾಳೆ. “ಇದನ್ನ ನಿಮ್ಮ ಪಕ್ಕದ ಮನೆಯವರು ನೋಡ್ತಾರೆ, ನಿಮ್ಮ ಮಗಳನ್ನ ಮದುವೆಯಾಗೋ ಕಡೆಯವರು ನೋಡ್ತಾರೆ, ಆಗಬಹುದಾ?” ಎಂದು ಕೇಳುತ್ತಾಳೆ. ಹಾಗೆ ಕೇಳಿದ ಮೇಲೆ ಬಹಳ ಜನ ಬೇಡ ಎನ್ನುತ್ತಾರೆ. ವಾರಕ್ಕೊಂದು ಬರುತ್ತಿದ್ದದ್ದು ತಿಂಗಳಿಗೊಂದಾಗಿದೆ. ಮೊದಲಿನಷ್ಟು ಕಣ್ಣೀರಿಲ್ಲ ಎಂದು ನೋಡುಗರು ಗೊಣಗುತ್ತಾರೆ. ನೋಡುವವರು ಕಡಿಮೆಯಾದ ದಿನ ಅವಳು ಬಾಲ್ಕನಿಗೂ ಅಡುಗೆಮನೆಗೂ ಓಡಾಡುವುದು ಹೆಚ್ಚು.

ಇಂದಿರಮ್ಮನ ಹಳೆಯ ಗಿರಾಕಿ ಮನೆಗಳಲ್ಲಿ ಅರ್ಧ ವಾಪಸು ಬಂದವು, ಅರ್ಧ ಬರಲಿಲ್ಲ. ಆ ಜಾಗಕ್ಕೆ ಮಯೂರ ವಿಹಾರದ ಪಂಜಾಬಿ ಮನೆಗಳು ಸೇರಿಕೊಂಡವು. ಅವರಿಗೆ ಯಾವ ಕನ್ನಡದ ವಿಡಿಯೊವೂ ಗೊತ್ತಿಲ್ಲ. ಮಗಳ ನಾಮಕರಣಕ್ಕೆ ಇಂದಿರಮ್ಮ ನೆಂಟರ ಹಾಗೆ ಬಂದರು, ರೇಷ್ಮೆ ಸೀರೆಯುಟ್ಟು, ದೇವೇಂದ್ರಪ್ಪನವರನ್ನೂ ಕರೆದುಕೊಂಡು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಊರೆಲ್ಲ ಕೇಳುವಂತೆ ದೂರಿದರು: “ಒಬ್ಬಟ್ಟಿಗೆ ಅವರು ಮೀಠಾ ಪರಾಠಾ ಅಂತಾರಮ್ಮ! ಪರಾಠಾ ಅಂತೆ! ಚಲೋ, ತಿನ್ನಲಿ. ಆದರೆ ಉಪ್ಪಿನಕಾಯಿ ಹಾಕಿಕೊಂಡು ತಿಂತಾರಲ್ಲ, ಅದನ್ನ ಮಾತ್ರ ಕಣ್ಣಿಂದ ನೋಡೋಕಾಗಲ್ಲ.”

ಎಲ್ಲರೂ ನಕ್ಕರು, ಹರ್ಷಿಣಿಯೂ ನಕ್ಕಳು. ಅಷ್ಟರಲ್ಲಿ ಕೋಣೆಯಲ್ಲಿ ಅವಳ ಫೋನು ಹೊಡೆದುಕೊಳ್ಳತೊಡಗಿತು. ಗುಲ್ಬರ್ಗದ ಕಡೆಯ ಒಬ್ಬ ತಾಯಿ, ತಮ್ಮ ಮನೆಯ ಕಥೆಯನ್ನು ನಾಳೆ ಹೇಳುತ್ತೇನೆ ಎಂದಿದ್ದವರು ಇವತ್ತೇ ಮಾಡಿದ್ದರು. ಹರ್ಷಿಣಿ ಎದ್ದಳು, ಒಂದು ಕ್ಷಣ ಬಾಗಿಲಲ್ಲಿ ನಿಂತಳು, ಆಮೇಲೆ ಒಳಗೆ ಹೋಗಿ ಫೋನು ಎತ್ತಿಕೊಂಡಳು. “ಹೇಳಿ ಅಮ್ಮ,” ಎಂದಳು. “ಆದರೆ ಮೊದಲು ನಾನೊಂದು ಮಾತು ಕೇಳಬೇಕು.”