ಅವ್ವನ ಬಲಗಣ್ಣಿಗೆ ಬಿದ್ದ ಹನಿ

ಮಡಕಶಿರಾ ಹತ್ತಿರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಸಂಶೋಧನೆ ಮಾಡುತ್ತೇನೆ. ಕಣ್ಣು, ಬಾಯಿ ಒಣಗದಂತೆ ಕಾಯುವ ಲೋಳೆಯಲ್ಲಿ ಮ್ಯೂಸಿನ್ ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಹೋಲುವ ಇನ್ನೊಂದು ಪ್ರೋಟೀನನ್ನು, ಮನುಷ್ಯರ ವಂಶವಾಹಿಯನ್ನು ಬೇರೆ ಜೀವಕೋಶಗಳೊಳಗೆ ಸೇರಿಸಿ, ಪ್ರಯೋಗಗಳಿಗೆಂದೇ ತಯಾರಿಸುತ್ತಾರೆ. ಪುಟ್ಟ ಸೀಸೆಯ ತಳದಲ್ಲಿ ಅಂಟಿದ ಬಿಳಿ ಪುಡಿ ಅದು. ತಂಪು ಕೆಡದಂತೆ ತರುವ ಕೊರಿಯರ್ ಬಳ್ಳಾರಿಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ನಾವೇ ಹೋಗಿ ತರಬೇಕು.

ಕಳೆದ ಬೇಸಿಗೆಯಲ್ಲಿ ಹಾಗೆ ತರುವಾಗ ಸೀಸೆಯಿಟ್ಟ ಡಬ್ಬಿಯ ಐಸ್ ಬೇಗ ಕರಗಿತು. ದಾರಿಯಲ್ಲಿ ರಾಯದುರ್ಗದ ತವರುಮನೆಗೆ ಇಳಿದು ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟೆ. ಅವ್ವ ಮಿಷನ್ ಮುಂದೆ ಕೂತು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಅವಳಿಗೆ ಬಹಳ ದಿನದಿಂದ ಕಣ್ಣುರಿ.

“ಏನದು?” ಎಂದಳು.

“ಮನುಷ್ಯರದ ಪ್ರೋಟೀನು. ಕಣ್ಣೀರು ಕಣ್ಣಿಗೆ ಅಂಟಿ ನಿಲ್ಲಂಗ ಮಾಡತೈತಲ್ಲ, ಆ ಥರದ್ದವ್ವಾ.”

“ಹಂಗಾದ್ರ ನನಗ ಹಾಕು.”

“ಮನುಷ್ಯರಿಗೆ ಹಾಕಂಗಿಲ್ಲ. ಪ್ರಯೋಗಕ್ಕಷ್ಟ.”

“ಮನುಷ್ಯರದು ಅಂತಿ, ಮನುಷ್ಯರಿಗೆ ಹಾಕಂಗಿಲ್ಲ ಅಂತಿ. ಮತ್ತ ಯಾರ ಸಲುವಾಗಿ ಮಾಡ್ಯಾರ?”

ಅದು ಔಷಧಿಯಲ್ಲ, ಕಣ್ಣಿಗೆ ಹಾಕುವಷ್ಟು ಶುದ್ಧ ಮಾಡಿರುವುದಿಲ್ಲ, ಹಾಕಿದರೆ ಏನಾಗುತ್ತದೆಂದು ಯಾರೂ ನೋಡಿಲ್ಲ ಎಂದು ಹೇಳಿದೆ. ಅವಳು ಮತ್ತೆ ಮಿಷನ್ ತುಳಿಯತೊಡಗಿದಳು. ನಾನು ಐಸ್ ತರಲು ಹೊರಗೆ ಹೋದೆ.

ವಾಪಸ್ ಬಂದಾಗ ಮಿಷನ್ ಸದ್ದಿರಲಿಲ್ಲ. ಅವ್ವ ಮಂಚದ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಸೀಸೆ; ಪುಡಿಗೆ ನೀರು ಬೆರೆಸಿದ್ದಳು. ಇನ್ನೊಂದು ಕೈಯಲ್ಲಿದ್ದ, ಹನಿ ಹಾಕುವ ಫಿಲ್ಲರ್ ಬಲಗಣ್ಣಿನ ಮೇಲಿತ್ತು. “ಅವ್ವಾ” ಅನ್ನುವಷ್ಟರಲ್ಲಿ ಹನಿ ಬಿದ್ದೇಬಿಟ್ಟಿತು.

ಬಚ್ಚಲಿಗೆ ಎಳೆದೊಯ್ದು ಕುಡಿಯುವ ನೀರನ್ನು ಕಣ್ಣಿಗೆ ಸುರಿಯುತ್ತಲೇ ಇದ್ದೆ. ಕಣ್ಣು ಕೆಂಡದಂತೆ ಕೆಂಪಾಯಿತು. ಅವಳು ಉಜ್ಜಿದ್ದಕ್ಕೋ, ಆ ಹನಿಗೋ ತಿಳಿಯಲಿಲ್ಲ. ಮಡಕಶಿರಾದಲ್ಲಿದ್ದ ನಮ್ಮ ಮಾರ್ಗದರ್ಶಕ ಸರ್‌ಗೆ ಫೋನ್ ಮಾಡಿದೆ.

“ಪುಡಿ ಹೋದ್ರೆ ಹೋಗ್ಲಿ ಬುಡಮ್ಮ,” ಎಂದರು. “ಮೊದ್ಲು ಅಮ್ಮನ್ನ ಕಣ್ ಡಾಕ್ಟ್ರ ಹತ್ರ ಕರ್ಕೊಂಡೋಗು. ಸೀಸೇನೂ ತಗೊಂಡೋಗು, ಅವ್ರು ನೋಡ್ಲಿ.”

ಬಳ್ಳಾರಿ ಬಸ್ಸಿನಲ್ಲಿ ಅವ್ವ ಒದ್ದೆ ಟವೆಲ್ಲನ್ನು ಕಣ್ಣಿಗೊತ್ತಿ ಕೂತಿದ್ದಳು. ನಾನು ಮತ್ತೆ ಮತ್ತೆ ಕೇಳುತ್ತಿದ್ದೆ: “ಕಾಣಸ್ತೈತೇನು?”

“ಮಂಜ್ ಮಂಜ್ ಐತಿ.”

ಟವೆಲ್ಲಿಗೆ ಮತ್ತೆ ನೀರು ಹನಿಸಿ ಕೊಟ್ಟೆ. ಅದನ್ನು ಒತ್ತಿಕೊಳ್ಳುತ್ತ ಅವಳೇ ಹೇಳಿದಳು: “ಉರಿಗೆ ರಾತ್ರಿ ನಿದ್ದಿ ಹತ್ತಂಗಿಲ್ಲ. ಮುಂಜಾನೆ ಎದ್ದು ರೆಪ್ಪಿ ತೆಗದ್ರ ಕಣ್ಣು ಹರದಂಗ ಆಗತೈತಿ. ನಿನಗ ಹೇಳಿದ್ರ ಡ್ರಾಪ್ಸ್ ಹಾಕ್ಕೋ ಅಂತಿ.” ಅವಳ ಕೈ ಹಿಡಿದುಕೊಂಡೆ.

ಕಣ್ಣಿನ ವೈದ್ಯೆ ಸೀಸೆಯ ಲೇಬಲ್ ಓದಿ ಅವ್ವನನ್ನೇ ಕೇಳಿದರು: “ಇದನ್ನ ಯಾಕ ಹಾಕ್ಕೊಂಡ್ರಿ?”

“ಉರಿ ತಡಿಲಾರದ ಹಾಕ್ಕೊಂಡೆ ರೀ.”

ಅವರು ಕಣ್ಣು ತೊಳೆದು, ಬಣ್ಣದ ಹನಿ ಹಾಕಿ, ಯಂತ್ರದ ಮುಂದೆ ಕೂರಿಸಿ ನೋಡಿದರು. ಹನಿಯಿಂದ ಗಾಯವಾಗಿರಲಿಲ್ಲ. ಆದರೆ ಎರಡೂ ಕಣ್ಣುಗಳ ಮೇಲೆ ಹಳೆಯ ಗೀರುಗಳಿದ್ದವು. ಕಣ್ಣೀರು ಎಷ್ಟು ಬರುತ್ತದೆಂದು ಅಳೆಯಲು ಕೆಳರೆಪ್ಪೆಗಳೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದರು. ಸ್ವಲ್ಪ ಹೊತ್ತಾದ ಮೇಲೆ ತೆಗೆದರೆ ಕಾಗದ ಒಣಗಿಯೇ ಇತ್ತು.

“ಬಾಯಿನೂ ಒಣಗತೈತೇನ್ರಿ?”

“ಹೌದ್ರಿ. ನೀರು ಕುಡಕೋತ ರೊಟ್ಟಿ ನುಂಗತೀನಿ.”

ಅದು ನನಗೆ ಗೊತ್ತಿರಲಿಲ್ಲ.

ರಕ್ತ ಪರೀಕ್ಷೆಯಾದ ಮೇಲೆ ಕಾಯಿಲೆ ತಿಳಿಯಿತು. ಕಣ್ಣೀರು, ಜೊಲ್ಲು ಸುರಿಸುವ ಗ್ರಂಥಿಗಳನ್ನು ಅವಳ ದೇಹದ ರಕ್ಷಣಾ ವ್ಯವಸ್ಥೆಯೇ ಕೆಡಿಸುತ್ತಿತ್ತು. ಪೂರ್ತಿ ವಾಸಿಯಾಗುವುದಿಲ್ಲ, ಹಿಡಿತದಲ್ಲಿಡಬಹುದು ಎಂದರು ವೈದ್ಯೆ. ಮಾತ್ರೆ, ಮುಲಾಮು, ಬೇರೆ ಬಗೆಯ ಹನಿಗಳು ಶುರುವಾದವು.

ಹೊಸ ಸೀಸೆ ಬರುವವರೆಗೆ ನಮ್ಮ ಪ್ರಯೋಗ ನಿಂತಿತು. ಸರ್ ನನಗೊಂದು ಕಟುಮಾತೂ ಆಡಲಿಲ್ಲ. ಅವ್ವ ಈಗ ಮಧ್ಯಾಹ್ನದವರೆಗಷ್ಟೇ ಹೊಲಿಯುತ್ತಾಳೆ. ಉರಿ ಇನ್ನೂ ಇದೆ, ಆದರೆ ಕಣ್ತುಂಬ ನಿದ್ದೆ ಬರುತ್ತದಂತೆ.