ಒಗೆಯುವ ಬಟ್ಟೆಯಲ್ಲಿದ್ದ ಗುಡ್ಡ

ನಮ್ಮ ಹಿವಾತಾನಿ ಊರಿನಲ್ಲಿ ಯಾರ ವಯಸ್ಸನ್ನಾದರೂ ಕೇಳಬಹುದು, ಯಾರ ಸೊಸೆ ಯಾಕೆ ತವರಿಗೆ ಹೋದಳು ಎಂದೂ ಕೇಳಬಹುದು. ನನ್ನ ಕ್ಷೌರದಂಗಡಿಯಲ್ಲಿ ದಿನವೂ ನಡೆಯುವುದು ಅದೇ. ಆದರೆ ಪೈನ್ ಮರದಡಿ ಏಳುವ ದುಬಾರಿ ಮಾತ್ಸುತಾಕೆ ಅಣಬೆ ನಿಮಗೆ ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳುವಂತಿಲ್ಲ. ಆ ಜಾಗವನ್ನು ಹೆತ್ತ ಮಗನಿಗೂ ಹೇಳಬಾರದು ಎಂಬುದು ಹಿರಿಯರ ಮಾತು. ಪಕ್ಕದ ಮನೆಯ ಮೊಕಿಚಿ ಅದನ್ನು ಪಾಲಿಸಿದಷ್ಟು ಇನ್ನಾರೂ ಪಾಲಿಸಲಿಲ್ಲ. ಮಗ ತೆತ್ಸುಯಾ ಒಮ್ಮೆ ಹಿಂದೆ ಬಂದನೆಂದು ಅವನ ಮೇಲೆ ಕಲ್ಲು ಬೀಸಿದ ಮುದುಕ ಅವನು.

ಒಂದು ವರ್ಷ ಅಣಬೆಯ ಕಾಲ ಮುಗಿಯುತ್ತಿದ್ದಂತೆ ಮೊಕಿಚಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಊರಿಗೆ ಮುದುಕನಿಗಿಂತ ಮೊದಲು ನೆನಪಾದದ್ದು ಅವನ ಜಾಗ. ವರ್ಷದ ಮೊದಲ ಮಾತ್ಸುತಾಕೆಯನ್ನು ತಟ್ಟೆಯಲ್ಲಿ ಹೊತ್ತು ಬೆಟ್ಟದ ದೇವರ ಗುಡಿಯಲ್ಲಿ ಇಡುವ ಮನೆಗೆ ನಮ್ಮಲ್ಲಿ ದೊಡ್ಡ ಮರ್ಯಾದೆ. ನಾನು ಮದುವೆಯಾಗಿ ಬಂದಾಗಿನಿಂದ ಆ ತಟ್ಟೆ ಹಿಡಿದದ್ದು ಮೊಕಿಚಿಯೇ. ಈಗ ಅದು ಸಾಕೆ ಎಂಬ ಅಕ್ಕಿಮದ್ಯ ಮಾರುವ ಅಂಗಡಿಯ ಗಿಸಾಬುರೊ ಪಾಲಾಗುವುದರಲ್ಲಿತ್ತು. ತಟ್ಟೆಯ ಮಾತು ಬಂದರೆ ಸಾಕು, ಮಲಗಿದ್ದ ಮುದುಕನ ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು. ನೋಡಲು ಆಗುತ್ತಿರಲಿಲ್ಲ.

"ಮುದುಕನ ಗುಡ್ಡ ಮುದುಕನ ನಾಲಿಗೆ ಜೊತೇಲೇ ಹೋಯ್ತು," ಎಂದ ಗಿಸಾಬುರೊ, ನನ್ನ ಕುರ್ಚಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು. "ಬರೋ ಸಲ ತಟ್ಟೆ ನಮ್ಮನೇದು."

"ಕತ್ತು ಅಲ್ಲಾಡಿಸಬೇಡಿ," ಎಂದೆ. "ಕತ್ತಿ ಕೈಲಿದೆ. ಆಮೇಲೆ ತಟ್ಟೇಲಿ ಏನಿಡ್ತಾರೋ ಹೇಳಕ್ಕಾಗಲ್ಲ."

"ಅವರ ಮನೇಲಿ ಇನ್ಯಾರಿದಾರೆ ಹೇಳಮ್ಮ? ತೆತ್ಸುಯಾ ಕಾಡಿಗೆ ಹೋದ್ರೆ ಅವನನ್ನೇ ಹುಡುಕಬೇಕು. ಸೊಸೆ ಅಂತೀಯಾ, ಮೀನಿನೋಳು. ಬಲೆ ತಗೊಂಡು ಹೋಗ್ತಾಳೆ ಗುಡ್ಡಕ್ಕೆ."

ಸೊಸೆ ನಾಮಿಯೆ ಕಡಲ ತೀರದವಳು, ಮೀನು ಮಾರುಕಟ್ಟೆಯಲ್ಲಿ ಕೂಗಿ ಬೆಳೆದವಳು. ಅವಳ ಪಿಸುಮಾತು ನನ್ನ ಅಂಗಡಿಗೆ ಕೇಳುತ್ತದೆ. ಬಂದ ಹೊಸದರಲ್ಲಿ ಮಾವ ಅವಳನ್ನು ಕಾಡಿನ ಬಾಯಿಗೂ ಬಿಡಲಿಲ್ಲ. ಕೊಟ್ಟದ್ದು ಒಂದೇ ಕೆಲಸ, ತನ್ನ ಕಾಡಿನ ಬಟ್ಟೆ ಒಗೆಯುವುದು. ಅದೂ ಯಂತ್ರ ಹಾಳಾಗುತ್ತದೆಂದು ಹಿತ್ತಲಿನ ಕಲ್ಲು ತೊಟ್ಟಿಯಲ್ಲಿ, ಕೈಯಲ್ಲೇ. ವರ್ಷಗಟ್ಟಲೆ ಅವಳು ಬೈದುಕೊಂಡು ಉಜ್ಜಿದ್ದನ್ನು ಬೇಲಿಯ ಈಚೆ ನಿಂತು ಕೇಳಿದ್ದೇನೆ. ಕೆಲವು ಬೈಗುಳ ಕಲಿತೂ ಇದ್ದೇನೆ.

ಮುಂದಿನ ಬೇಸಿಗೆ ಕಳೆಯುತ್ತ ಬಂದಾಗ ಅವಳು ಬೇಲಿಯಾಚೆಯಿಂದ ಕೂಗಿದಳು. ಆಸ್ಪತ್ರೆಯ ಗಡಿಬಿಡಿಯಲ್ಲಿ ಮೂಲೆ ಸೇರಿದ್ದ ಮಾವನ ಕೊನೆಯ ಬಟ್ಟೆಗಂಟು ಆಗ ಕೈಗೆ ಸಿಕ್ಕಿತ್ತಂತೆ.

"ಅಕ್ಕಾ, ಬಾ ಇಲ್ಲಿ. ತೊಟ್ಟಿ ತಳ ನೋಡು."

"ಮರಳು ಕಣೆ."

"ಬಿಳಿ ಮರಳು. ವರ್ಷವೆಲ್ಲಾ ಅವರ ಬಟ್ಟೇಲಿ ಬರೋದು ದೇವದಾರು ತೋಪಿನ ಕರಿ ಮಣ್ಣು. ಅಣಬೆ ದಿನ ಮಾತ್ರ ಬಿಳಿ ಮರಳು, ಮಂಡಿಗೆ ಪೈನ್ ಅಂಟು, ಎಡಭುಜಕ್ಕೆ ಮಸಿ. ಈ ಹಾಳು ಮಸಿನ ಎಷ್ಟು ಉಜ್ಜಿದೀನಿ ಅಂತ ನನಗೇ ಗೊತ್ತು. ಕಾಡಲ್ಲಿ ಮಸಿ ಎಲ್ಲಿಂದ ಬರತ್ತೆ ಅಕ್ಕಾ?"

"ಇದ್ದಿಲು ಸುಡ್ತಿದ್ದ ಹಳೇ ಗೂಡಿಂದ. ಕುಸಿದು ಬಿದ್ದಿರೋವು ಗುಡ್ಡದ ತುಂಬಾ ಇವೆ."

"ಎಲ್ಲಾ ಗೂಡೂ ಬಿಳಿ ಮರಳಿನ ಪಕ್ಕ ಇಲ್ವಲ್ಲ. ಎಡಭುಜ ಉಜ್ಜಿಕೊಂಡೇ ದಾಟಬೇಕಾದ್ದು ಒಂದೇ ಇರಬೇಕು." ಅವಳು ಒದ್ದೆ ಬಟ್ಟೆಯನ್ನು ತೊಟ್ಟಿಗೆ ಬಡಿದು ನಕ್ಕಳು. "ಊರಿಗೆಲ್ಲಾ ಬಾಯಿ ಬಿಗಿದ್ರಲ್ಲ ಮಾವ, ಬಟ್ಟೆ ಬಾಯಿ ಬಿಗಿಯೋದು ಮರೆತ್ರು."

ಅಂದಿನಿಂದ ಮನೆಗೆಲಸ ಮುಗಿಸಿ ದಿನವೂ ಕಾಡಿಗೆ ಹೊರಟಳು, ಕರಡಿ ಸದ್ದು ಕೇಳಿ ದೂರ ಸರಿಯಲೆಂದು ಸೊಂಟಕ್ಕೆ ಗಂಟೆ ಕಟ್ಟಿಕೊಂಡು. ಹೊತ್ತು ಮುಳುಗುವ ಮೊದಲು ಬರಿಗೈಯಲ್ಲಿ ಬರುತ್ತಿದ್ದಳು. ಮಳೆ ಬಂದು ಹೋಯಿತು, ಚಳಿ ಶುರುವಾಗಿ ಅಣಬೆಯ ಕಾಲ ಬಂತು. ಗಿಸಾಬುರೊ ನಗುವುದನ್ನು ನಿಲ್ಲಿಸಿ ಅವಳ ಹಿಂದೆ ಬೀಳತೊಡಗಿದ. ಗಂಟೆಯ ಸದ್ದು ಹಿಡಿದು ಹೋದರೆ ಸಾಕಲ್ಲ. ಕಳ್ಳಬೆಕ್ಕು.

ಒಂದು ಬೆಳಿಗ್ಗೆ ನಾಮಿಯೆ ಹೊಳೆಯ ಮೇಲೆ ಬಾಗಿದ್ದ ಕೊಂಬೆಗೆ ಗಂಟೆ ಕಟ್ಟಿದಳು. ಕೊಂಬೆಯ ತುದಿಯನ್ನು ನೀರು ಎಳೆದಾಗಲೆಲ್ಲ ಗಂಟೆ ಆಡಿತು. ಗಿಸಾಬುರೊ ಮರದ ಹಿಂದೆ ಕೂತು ಮಧ್ಯಾಹ್ನದವರೆಗೂ ಆ ಗಂಟೆಯನ್ನು ಕಾದ. ಆಮೇಲೆ ನನ್ನ ಅಂಗಡಿಗೆ ಬಂದಾಗ ಇಂಗು ತಿಂದ ಮಂಗನ ಹಾಗಿದ್ದ.

"ಗಂಟೆ ಇಲ್ದೆ ಹೋದೆಯಲ್ಲೇ, ಕರಡಿ ಬಂದಿದ್ರೆ?" ಎಂದು ಆಮೇಲೆ ನಾಮಿಯೆಯನ್ನು ಕೇಳಿದೆ.

"ಮಾವನಿಗಿಂತ ಸಿಡುಕಿನ ಕರಡಿ ಎಲ್ಲಿದೆ ಅಕ್ಕಾ? ಅವರ ಜೊತೆ ಸಂಸಾರ ಮಾಡಿದೀನಿ."

ಕೊಂಬೆಗೆ ಗಂಟೆ ಕಟ್ಟಿದ ದಿನವೇ ಸಂಜೆ ನಾನು ಮುದುಕನ ಗಡ್ಡ ಹೆರೆಯಲು ಅವರ ಮನೆಗೆ ಹೋಗಿದ್ದೆ. ನಾಮಿಯೆ ಒಳಗೆ ಬಂದಳು. ಮಂಡಿಯೆಲ್ಲ ಬಿಳಿ ಮರಳು, ಎಡಭುಜ ಕಪ್ಪು. ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಬುಟ್ಟಿಯ ಜರೀಗಿಡದ ಎಲೆ ಸರಿಸಿ ಒಂದು ಅಣಬೆ ಎತ್ತಿ ಮಾವನ ಮೂಗಿನ ಹತ್ತಿರ ಹಿಡಿದಳು. ಮುದುಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಕಣ್ಣು ತೆರೆದು ಅವಳ ಮಂಡಿ ನೋಡಿದ, ಭುಜ ನೋಡಿದ. ಅರ್ಧ ಮುಖವಷ್ಟೇ ನಗಬಲ್ಲದು, ಅಷ್ಟರಲ್ಲೇ ಪೂರ್ತಿ ನಕ್ಕ.

ತೆತ್ಸುಯಾಗೆ ತಡೆಯಲಾಗಲಿಲ್ಲ. "ಎಲ್ಲಿ ಸಿಕ್ತೇ?"

ನಾಮಿಯೆ ಗಂಡನ ಕಡೆ ತಿರುಗಿದಳು. ಆಗ ಮೊಕಿಚಿಯ ಎಡಗೈ ಮೇಲೆದ್ದು ಅವಳ ಬಾಯಿಯನ್ನು ಮುಚ್ಚಿತು. ಮಗನಿಗೆ ಕಲ್ಲು ಬೀಸಿದ್ದವನ ಕೈ ಅದು. ಈಗ ಮೀನಿನವಳ ಬಾಯಿ ಮುಚ್ಚಿ ಮನೆಯ ಗುಟ್ಟನ್ನು ಅವಳಿಗೇ ಒಪ್ಪಿಸಿದ್ದೂ ಅದೇ ಕೈ. ಗಟ್ಟಿ ಬಾಯಿಯ ಆ ಹೆಂಗಸು ಅವನ ಅಂಗೈಯೊಳಗೇ ಬಿಕ್ಕಿದಳು. ನನಗೂ ಅಳು ಬಂತು, ಮುದುಕನ ಅರ್ಧ ಗಡ್ಡ ಹಾಗೇ ಉಳಿಯಿತು.

ಮರುದಿನ ತೆತ್ಸುಯಾ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಗುಡಿಗೆ ತಳ್ಳಿಕೊಂಡು ಹೋದ. ತಟ್ಟೆ ಹಿಡಿದು ಮುಂದೆ ನಡೆದವಳು ನಾಮಿಯೆ. ಗಿಸಾಬುರೊ ಕೂಡ ತಲೆ ಬಾಗಿಸಿದ, ಸ್ವಲ್ಪ ತಡವಾಗಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಮಾವನ ಕಾಲವನ್ನು ಸೊಸೆ ಒಗೆದೇ ಪಡೆದದ್ದನ್ನು ನಾನು ಕಂಡೆ.

ಹೇಗೆ ಹುಡುಕಿದೆ ಎಂಬುದನ್ನು ಅವಳು ನನಗೆ ಹೇಳಿದ್ದಾಳೆ. ಎಲ್ಲಿ ಎಂಬುದನ್ನು ಇಂದಿಗೂ ಹೇಳಿಲ್ಲ. ಪ್ರತಿ ಅಣಬೆ ಕಾಲದಲ್ಲೂ ನಾನು ಬೇಲಿಯ ಮೇಲಿಂದ ಇಣುಕುತ್ತೇನೆ. ಹಗ್ಗದ ಮೇಲೆ ಗಂಡನ ಅಂಗಿ ಇರುತ್ತದೆ, ಮಾವನ ಹಾಸಿಗೆ ಬಟ್ಟೆ ಇರುತ್ತದೆ. ತನ್ನ ಕಾಡಿನ ಬಟ್ಟೆಯನ್ನು ಮಾತ್ರ ಅವಳು ಬಾಗಿಲು ಹಾಕಿಕೊಂಡು ಬಚ್ಚಲಲ್ಲೇ ಒಗೆದು ಅಲ್ಲೇ ಒಣಹಾಕುತ್ತಾಳೆ.